ಸೆಕೆಂಡ್ ಹ್ಯಾಂಡ್ ಟರ್ಬೊ ಕೊಳ್ಳುವಾಗ, ಮಾರುವಾಗ

ಹಳೇ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊಚಾರ್ಜರ್) ಮಾರುವವರು ಮೊದಲು ಮಾಡೋದೇ ಅದರೊಳಗಿನ ಫ್ಯಾನಿನಂಥ ವೀಲ್‌ಗೆ ಬೆರಳು ತಾಗಿಸಿ ಗಿರ್ರನೆ ತಿರುಗಿಸಿ ತೋರಿಸೋದು. ಅದಕ್ಕೆ ಮರುಳಾಗಬೇಡಿ. ಬೇರಿಂಗ್ ಸವೆದ ಟರ್ಬೊ ಕೂಡ ಚೆನ್ನಾಗಿಯೇ ತಿರುಗುತ್ತದೆ.

ವೀಲ್ ಕೂರಿಸಿದ ಶಾಫ್ಟ್ ತುದಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಇಲ್ಲಿ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ಶಾಫ್ಟ್ ಹಾಗೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೆ ಅನುಮಾನ ಪಡಿ. ಅಕ್ಕಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಗಾಬರಿ ಬೇಡ: ಜರ್ನಲ್ ಬೇರಿಂಗ್‌ನಲ್ಲಿ ಆಯಿಲ್‌ಗೆ ಅಂತಲೇ ಆ ಜಾಗ ಬಿಟ್ಟಿರುತ್ತಾರೆ, ಎಂಜಿನ್ ಓಡುವಾಗ ಅಲ್ಲಿ ಆಯಿಲ್ ತುಂಬಿಕೊಂಡು ಶಾಫ್ಟ್ ಅದರ ಮೇಲೇ ತೇಲುತ್ತದೆ. ಬಾಲ್ ಬೇರಿಂಗ್ ಆದರೆ ಅಷ್ಟು ಆಟ ಇರಬಾರದು. ಆಮೇಲೆ ಶಾಫ್ಟನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ವೀಲ್ ಸುತ್ತಲಿನ ಹೌಸಿಂಗ್‌ಗೆ ಸವರಿದರೆ ಬಿಟ್ಟುಬಿಡಿ, ಬೇಕೇ ಬೇಕಂದ್ರೆ ರೀಬಿಲ್ಡ್ ಖರ್ಚು ಕಳೆದು ಬೆಲೆ ಮಾತಾಡಿ.

ಇನ್ನು ಟಾರ್ಚ್ ಹಿಡಿದು ಶಾಫ್ಟ್‌ನ ಎರಡೂ ತುದಿಯ ವೀಲ್‌ಗಳ ಬ್ಲೇಡ್ ಅಂಚು ನೋಡಿ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ವಸ್ತು ಇದು, ಒಂದು ಬ್ಲೇಡ್ ತುದಿ ಚಿಪ್ ಆಗಿದ್ದರೂ ಬ್ಯಾಲೆನ್ಸ್ ಕೆಡುತ್ತದೆ. ಹೆಚ್ಚಾದ ಎಕ್ಸಾಸ್ಟ್ ಗ್ಯಾಸ್ ಹೊರಬಿಡುವ ವೇಸ್ಟ್‌ಗೇಟ್ ತೂತಿನ ಹತ್ತಿರ ಕೂದಲೆಳೆಯಂಥ ಬಿರುಕು ತುಂಬಾ ಟರ್ಬೊಗಳಲ್ಲಿ ಇರುತ್ತದೆ. ಅದೇ ಬಿರುಕು ಹೊರಗೋಡೆಗೋ ಜೋಡಣೆಯ ಅಂಚಾದ ಫ್ಲ್ಯಾಂಜ್‌ಗೋ ಬಂದಿದ್ದರೆ ಬೇಡ. ಗ್ಯಾರೆಟ್, ಬೋರ್ಗ್‌ವಾರ್ನರ್ ಥರದ ಕಂಪನಿ ಮಾಲು ಅಂತ ಹೇಳಿದರೆ ಪ್ಲೇಟ್ ಮೇಲಿನ ಪಾರ್ಟ್ ನಂಬರ್ ಕೇಳಿ, ನಕಲಿ ಮಾಲು ಜಾಸ್ತಿ. ಟಿ3 ಅಳತೆಯ ಫ್ಲ್ಯಾಂಜೋ, ಟಿ4ಓ, ಕ್ಲ್ಯಾಂಪ್ ಹಾಕಿ ಬಿಗಿಯುವ ವಿ-ಬ್ಯಾಂಡೋ, ಹೌಸಿಂಗ್ ಗಾತ್ರ ಹೇಳುವ ಎ/ಆರ್ ಎಷ್ಟು ಅನ್ನೋದೂ ಮೊದಲೇ ತಿಳಿದುಕೊಳ್ಳಿ. ಟರ್ಬೊ ಚೆನ್ನಾಗಿದ್ದೂ ನಿಮ್ಮ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಕೂರದಿದ್ದರೆ ಏನು ಪ್ರಯೋಜನ ಅಲ್ವಾ?

ಮಾರುವವರು ನೀವಾಗಿದ್ದರೆ ಇದನ್ನೆಲ್ಲ ನೀವೇ ಮೊದಲು ತೋರಿಸಿ. ಶಾಫ್ಟ್ ಅಲ್ಲಾಡಿಸುವ ವಿಡಿಯೊ, ಬ್ಲೇಡ್‌ಗಳ ಹತ್ತಿರದ ಫೋಟೊ, ಎಷ್ಟು ಬೂಸ್ಟ್‌ನಲ್ಲಿ (ಗಾಳಿಯ ಒತ್ತಡದಲ್ಲಿ) ಓಡಿಸಿದ್ರಿ, ಯಾಕೆ ಬಿಚ್ಚಿದ್ರಿ. ಬಿರುಕಿದ್ದರೆ ಅದರದ್ದೂ ಒಂದು ಫೋಟೊ ಇರಲಿ, ಚೌಕಾಸಿ ಅರ್ಧ ಅಲ್ಲೇ ಮುಗಿಯುತ್ತದೆ. ಹೌಸಿಂಗ್‌ಗೆ ಬಣ್ಣ ಹೊಡೀಬೇಡಿ, ಏನೋ ಮುಚ್ಚಿಡ್ತಿದ್ದಾರೆ ಅನಿಸುತ್ತದೆ. ಏರ್ ಗನ್ ಹಿಡಿದು ವೀಲ್ ತಿರುಗಿಸೋ ಚಟ ಅಂತೂ ಬೇಡವೇ ಬೇಡ, ಆಯಿಲ್ ಇಲ್ಲದೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕಳಿಸುವಾಗ ಉಳಿದ ಆಯಿಲ್ ಬಸಿದು, ಎಲ್ಲ ತೂತುಗಳಿಗೂ ಕ್ಯಾಪ್ ಹಾಕಿ, ಶಾಫ್ಟ್ ನಟ್ ಮೇಲೆ ಭಾರ ಬೀಳದಂತೆ ಪ್ಯಾಕ್ ಮಾಡಿ.