ಮಿತಿಮೀರಿ ಭಾರ ಹೊತ್ತ ಲಾರಿಗಳ ವಿರುದ್ಧ ದೂರು ಬರೆಯುವುದು ಹೇಗೆ?

‘ನಮ್ಮೂರ ರಸ್ತೆಯನ್ನು ಲಾರಿಗಳು ಹಾಳು ಮಾಡುತ್ತಿವೆ’ ಎಂದಷ್ಟೇ ಬರೆದ ದೂರು ಕಡತ ಸೇರಿ ಅಲ್ಲಿಯೇ ಉಳಿಯುತ್ತದೆ. ಅಧಿಕ ಭಾರ ಸಾಬೀತಾಗುವುದು ತೂಕದಿಂದ. ಆದ್ದರಿಂದ ಮೋಟಾರು ವಾಹನ ನಿರೀಕ್ಷಕರು ದೂರನ್ನು ಓದಿದೊಡನೆ ಲಾರಿಯನ್ನು ಎಲ್ಲಿ, ಯಾವಾಗ ತಡೆದು, ವಾಹನ ತೂಗುವ ಯಾವ ವೇ ಬ್ರಿಡ್ಜ್‌ಗೆ ಒಯ್ಯಬೇಕು ಎಂಬುದು ಅವರಿಗೆ ತಿಳಿಯುವಂತಿರಬೇಕು.

ಮೊದಲು ಲಾರಿಯ ಪಕ್ಕವನ್ನು ಗಮನಿಸಿ. ಅಲ್ಲಿ ಸಾಮಾನ್ಯವಾಗಿ ಯು.ಎಲ್.ಡಬ್ಲ್ಯು. (ಖಾಲಿ ತೂಕ) ಮತ್ತು ಆರ್.ಎಲ್.ಡಬ್ಲ್ಯು. (ಹೊರೆ ಸಹಿತ ನೋಂದಾಯಿತ ತೂಕ) ಎಂದು ಬಣ್ಣದಲ್ಲಿ ಬರೆದಿರುತ್ತಾರೆ. ಇವೆರಡರ ವ್ಯತ್ಯಾಸವೇ ಹೊರಬಹುದಾದ ಹೊರೆ. ಅದು 12 ಟನ್ ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಎಂ-ಸ್ಯಾಂಡ್ ಸುಮಾರು 1.6 ಟನ್ ತೂಗುವುದರಿಂದ, 10 ಘನ ಮೀಟರ್ ಹಿಡಿಯುವ ಬಾಡಿಯನ್ನು ಅಂಚಿನವರೆಗೆ ತುಂಬಿದರೇ 16 ಟನ್ ಆಗುತ್ತದೆ. ಹಿಂಬಾಗಿಲಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮರಳು ನೆನೆದಿದೆ, ತೂಕ ಇನ್ನೂ ಹೆಚ್ಚಿದೆ ಎಂದರ್ಥ. ಹಿಂದಿನ ಪಟ್ಟಾ ಸ್ಪ್ರಿಂಗ್‌ಗಳು ಬಾಗು ಕಳೆದುಕೊಂಡು ನೇರವಾಗಿರುವುದೂ ಅನುಮಾನಕ್ಕೆ ಆಧಾರ. ಇವನ್ನು ರಸ್ತೆಬದಿಯಿಂದಲೇ ಚಿತ್ರ ತೆಗೆಯಿರಿ. ಲಾರಿಯನ್ನು ನೀವೇ ಅಡ್ಡಗಟ್ಟಬೇಡಿ. ಅದು ಅಪಾಯಕಾರಿ, ಆ ಅಧಿಕಾರವೂ ನಮಗಿಲ್ಲ.

ದೂರಿನಲ್ಲಿ ನೋಂದಣಿ ಸಂಖ್ಯೆ, ದಿನಾಂಕ, ಗಂಟೆ, ಸ್ಥಳ, ಸಾಗುವ ದಿಕ್ಕು ಇರಲಿ. ಒಂದು ದಿನದ್ದಕ್ಕಿಂತ ವಾರದ ಪಟ್ಟಿ ಹೆಚ್ಚು ಉಪಯುಕ್ತ. ಲಾರಿಗಳು ಬೆಳಗಿನ ಜಾವ 4ರಿಂದ 6ರೊಳಗೇ ಹೋಗುತ್ತವೆ ಎಂಬಂಥ ವಿವರ ಅದರಿಂದಲೇ ಸಿಗುವುದು. ಮುಂದಿನ ಮಾತನ್ನು ಬಹುತೇಕರು ಬರೆಯುವುದಿಲ್ಲ: ಮೋಟಾರು ವಾಹನ ಕಾಯ್ದೆ, 1988ರ 114ನೇ ಕಲಂ ಪ್ರಕಾರ, ಮುಂದೆ ಸಾಗುವ ದಾರಿಯ ಯಾವುದೇ ಜಾಗದಿಂದ 10 ಕಿ.ಮೀ. ಒಳಗೆ ಅಥವಾ ತಲುಪುವ ಸ್ಥಳದಿಂದ 20 ಕಿ.ಮೀ. ಒಳಗೆ ತೂಕದ ವ್ಯವಸ್ಥೆಯಿದ್ದರೆ ಅಧಿಕಾರಿ ವಾಹನವನ್ನು ಅಲ್ಲಿಗೆ ಒಯ್ಯಿಸಬಹುದು. ಆ ವೇ ಬ್ರಿಡ್ಜ್ ಎಲ್ಲಿದೆ, ಎಷ್ಟು ದೂರವಿದೆ ಎಂದು ಖಚಿತವಾಗಿ ಬರೆಯಿರಿ.

194ನೇ ಕಲಮಿನಡಿ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ. ಹೆಚ್ಚಿನ ಹೊರೆ ಇಳಿಸದೆ ವಾಹನ ಕದಲುವಂತಿಲ್ಲ. ನನ್ನ ದೃಷ್ಟಿಯಲ್ಲಿ ದಂಡಕ್ಕಿಂತ ಇದೇ ಮುಖ್ಯ. ಆಕ್ಸಲ್ (ಗಾಲಿಗಳ ಅಚ್ಚು) ಮೇಲಿನ ಭಾರ ಒಂದೂವರೆ ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಐದು ಪಟ್ಟಾಗುತ್ತದೆ ಎಂಬುದು ರಸ್ತೆ ಎಂಜಿನಿಯರಿಂಗ್‌ನ ಒಪ್ಪಿತ ಲೆಕ್ಕ. ದಂಡ ಕಟ್ಟಿ ಅದೇ ಹೊರೆಯೊಂದಿಗೆ ಮುಂದೆ ಹೋದರೆ ರಸ್ತೆ ಉಳಿಯುವುದಿಲ್ಲ. ಹೊರೆ ಇಳಿಸುವಂತೆ ಕೋರುವ ವಾಕ್ಯವನ್ನು ಪ್ರತ್ಯೇಕವಾಗಿ ಸೇರಿಸಿ. ಚಾಲಕನೊಬ್ಬನನ್ನೇ ದೂರಬೇಡಿ. ಮಾಲೀಕನ ಅರಿವಿನಲ್ಲೇ ತಪ್ಪು ನಡೆದಿದೆ ಎಂದು ನ್ಯಾಯಾಲಯ ಭಾವಿಸಲು 113ನೇ ಕಲಂ ಅವಕಾಶ ಕೊಡುತ್ತದೆ.

ದೂರನ್ನು ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಡಿ. ತಿಂಗಳಾದರೂ ಕ್ರಮವಾಗದಿದ್ದರೆ, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ದೂರಿನ ದಿನಾಂಕದಿಂದ ಈಚೆಗೆ ಆ ರಸ್ತೆಯಲ್ಲಿ ಎಷ್ಟು ವಾಹನಗಳನ್ನು ತೂಗಲಾಯಿತು, ಎಷ್ಟರಿಂದ ಹೊರೆ ಇಳಿಸಲಾಯಿತು ಎಂಬ ಎರಡೇ ಪ್ರಶ್ನೆ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ದೂರಿನ ಸ್ವೀಕೃತಿಯ ಪ್ರತಿಯನ್ನು ಲಗತ್ತಿಸಿ ಮೊದಲ ಮೇಲ್ಮನವಿ ಸಲ್ಲಿಸಿ.