ಎಡಗಡೆಯ ಹುಲ್ಲು ಒಣಗಿಯೇ ಇತ್ತು

“ತಮ್ಮಾ, ಈ ಕೂಲರ್ ಮುಂದ ಕುಂತ್ರ ಒಲಿ ಮುಂದ ಕುಂತಂಗ ಆಗ್ಲಾಕತ್ತಾದ ನೋಡು” ಎಂದು ಅವ್ವ ಅಂದಾಗ ವಯಸ್ಸಿನ ತಕರಾರು ಅಂತಲೇ ತಿಳಿದಿದ್ದೆ. ಫ್ಯಾನ್ ಭರ್ರೆಂದು ತಿರುಗುತ್ತಿತ್ತು, ಒಳಗೆ ನೀರು ಸುರಿಯುವ ಸಪ್ಪಳವೂ ಕೇಳುತ್ತಿತ್ತು. ಅವ್ವನ ಸಮಾಧಾನಕ್ಕೆ ಗೋಡೆಯ ಥರ್ಮಾಮೀಟರ್ ತೆಗೆದು ಮೊದಲು ಹೊರಗೆ ನೆರಳಲ್ಲಿ, ಆಮೇಲೆ ಕೂಲರಿನ ಬಾಯಿಗೆ ಹಿಡಿದೆ. ಹೊರಗೆ 42, ಕೂಲರ್ ಬಾಯಲ್ಲಿ 34. ನಮ್ಮ ಕಲಬುರಗಿಯ ಒಣ ಬಿಸಿಲಲ್ಲಿ ಕೂಲರ್ ನೆಟ್ಟಗಿದ್ದರೆ 28, 29ಕ್ಕೆ ಇಳಿಯಬೇಕು. ತಕರಾರು ನಿಜವೇ ಆಗಿತ್ತು.

ನಮ್ಮದು ಹಳೇ ತಗಡಿನ ಕೂಲರ್. ಬ್ರಹ್ಮಪುರದ ಮನೆಯ ಕಿಟಕಿಯ ಹೊರಗೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತು ಹತ್ತು ಬೇಸಿಗೆ ಕಳೆದಿದೆ. ಮೂರು ಕಡೆ ಹುಲ್ಲಿನ ಜಾಳಿ, ನಾಲ್ಕನೆಯ ಕಡೆ ಫ್ಯಾನ್. ಹುಲ್ಲು ಅಂತ ಕರೆಯುತ್ತೇವೆಯೇ ಹೊರತು ಅದು ಕಟ್ಟಿಗೆ ಹೆರೆದ ಎಳೆ. ರಿಪೇರಿಯವನನ್ನು ಕರೆಸಿದೆ. ಮುಚ್ಚಳ ಎತ್ತಿ ಒಂದು ಸಲ ಇಣುಕಿ, “ಮೋಟರ್ ವೀಕ್ ಆಗ್ಯಾದ್ರಿ ಸಾಹೇಬ್ರ” ಅಂದ. 350 ರೂಪಾಯಿ ಕೊಟ್ಟು ನೀರೆತ್ತುವ ಹೊಸ ಮೋಟರ್ ಹಾಕಿಸಿದೆ. ಅವತ್ತು ರಾತ್ರಿ ಬಲಗಡೆ ನೀರು ಎಷ್ಟು ಜೋರಾಗಿ ಬಿತ್ತೆಂದರೆ, ಫ್ಯಾನ್ ಅದನ್ನು ಎಳೆದುಕೊಂಡು ಅವ್ವನ ಹಾಸಿಗೆಗೇ ತುಂತುರು ಸಿಡಿಸಿತು. ಬಾಯಲ್ಲಿ ಹಿಡಿದ ಥರ್ಮಾಮೀಟರ್ ಮಾತ್ರ 33ರ ಕೆಳಗೆ ಇಳಿಯಲಿಲ್ಲ.

ಮಗ ಫ್ರಿಜ್‌ನಿಂದ ಐಸ್ ತಂದು ಟಾಕಿಗೆ ಸುರಿದ. ಅರ್ಧ ತಾಸಿಗೆ ಕರಗಿ ಮಂಗಮಾಯ. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ 334 ಕಿಲೋಜೂಲ್. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಹೀರುವುದು ಸುಮಾರು 2,400. ಅಂದರೆ ಏಳು ಪಟ್ಟು. ಕೂಲರ್ ತಂಪು ಮಾಡುವುದು ನೀರಿನ ತಂಪಿನಿಂದಲ್ಲ, ನೀರು ಆವಿಯಾಗುವುದರಿಂದ. ನೀರು ಆವಿಯಾಗಬೇಕಾದರೆ ಹುಲ್ಲು ಮೊದಲು ಒದ್ದೆಯಾಗಿರಬೇಕಲ್ಲ!

ಭಾನುವಾರ ನಸುಕಿನಲ್ಲೇ ನಾನೇ ಕೈಹಾಕಿದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಹೊರಗಿಡಬೇಕು. ತಗಡಿನ ಬಾಡಿ, ಕಾಲ ಕೆಳಗೆ ಒದ್ದೆ ನೆಲ. ಬೇಸಿಗೆಯಲ್ಲಿ ಕೂಲರ್ ಕರೆಂಟಿಗೆ ಜೀವ ಹೋದ ಸುದ್ದಿಗಳಿಗೆ ನಮ್ಮ ಕಡೆ ಬರವಿಲ್ಲ. ಅರ್ಥಿಂಗ್ ಸರಿಯಿದೆಯೇ ಅಂತ ಹಿಂದಿನ ದಿನವೇ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿದ್ದೆ.

ಮೂರೂ ಜಾಳಿ ಬಿಚ್ಚಿದೆ. ಬಲಗಡೆಯದು ತೊಯ್ದು ಭಾರವಾಗಿತ್ತು, ಹಿಂದಿನದು ಪರವಾಗಿಲ್ಲ. ಎಡಗಡೆಯದನ್ನು ಎತ್ತಿದರೆ ಹತ್ತಿಯಷ್ಟು ಹಗುರ, ಹಿಂಡಿದರೆ ಕೈಯಲ್ಲಿ ಪುಡಿ. ಅಷ್ಟೇ ಅಲ್ಲ, ವರ್ಷಗಟ್ಟಲೆ ಕುಸಿದು ಕುಸಿದು ಮೇಲ್ಗಡೆ ನಾಲ್ಕು ಬೆರಳು ಖಾಲಿ ಜಾಗ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಒದ್ದೆ ಹುಲ್ಲಿನಲ್ಲಿ ನುಸುಳುವ ಉಸಾಬರಿ ಯಾಕೆ? ಹೊರಗಿನ 42ರ ಗಾಳಿ ಆ ಕಿಂಡಿಯಿಂದ ಸೀದಾ ಒಳಗೆ ಬಂದು, ಬಲಗಡೆಯ ತಂಪು ಗಾಳಿಗೆ ಬೆರೆಯುತ್ತಿತ್ತು. ಮೋಟರ್ ಎಷ್ಟು ದೊಡ್ಡದು ಹಾಕಿದರೂ ಇದಕ್ಕೆ ಮದ್ದಲ್ಲ.

ನೀರು ಎಡಕ್ಕೆ ಯಾಕೆ ಹೋಗುತ್ತಿಲ್ಲ ಅಂತ ತಿಳಿಯಲು ಲೀಟರ್ ಬಾಟಲಿಗಳನ್ನು ತಂದೆ. ಮೋಟರಿನಿಂದ ಬರುವ ನೀರು ಮೇಲೆ ಮೂರು ಪೈಪಿಗೆ ಒಡೆಯುತ್ತದೆ. ಒಂದೊಂದು ಪೈಪಿನ ತುದಿಯನ್ನೂ ಒಂದೊಂದು ಬಾಟಲಿಗೆ ಕಟ್ಟಿ, ದೂರ ನಿಂತು ಪ್ಲಗ್ ಹಾಕಿ, ಮೋಟರ್ ಒಂದನ್ನೇ ಚಾಲು ಮಾಡಿ, ಮೊಬೈಲಿನಲ್ಲಿ ವೇಳೆ ನೋಡಿದೆ. ಬಾಡಿಗೆ ಕೈ ತಾಗಿಸಲಿಲ್ಲ. ಬಲಗಡೆಯ ಬಾಟಲಿ 11 ಸೆಕೆಂಡಿಗೆ ತುಂಬಿತು, ಹಿಂದಿನದು 16ಕ್ಕೆ. ಎಡಗಡೆಯದು 40! ಮೂಗು ಸೋರಿದ ಹಾಗೆ ಸಣ್ಣಗೆ ಬರುತ್ತಿತ್ತು.

ಮತ್ತೆ ಪ್ಲಗ್ ಕಿತ್ತು ಎಡ ಪೈಪಿನ ಬಾಯಿಗೆ ಬೆರಳು ಹಾಕಿದೆ. ಒಳಗೆ ಗಟ್ಟಿ ಬಿಳಿ ಪದರ, ಮೊಟ್ಟೆಯ ಸಿಪ್ಪೆ ಅಂಟಿಸಿದಂಗೆ. ಜಾಳಿಯ ಮೇಲಿನ ತಗಡಿನ ದೋಣಿಯಲ್ಲಿ ನೀರು ಇಳಿಯಲು ಇರುವ ತೂತುಗಳಲ್ಲಿ ಅರ್ಧಕ್ಕೂ ಹೆಚ್ಚು ಮುಚ್ಚಿಹೋಗಿದ್ದವು. ನಮ್ಮ ಬೋರಿನ ನೀರಿನ ಸುಣ್ಣ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ಟಾಕಿಗೆ ಮೇಲಿಂದ ಮೇಲೆ ನೀರು ಹಾಕುತ್ತ ಹೋದರೆ ಅದು ದಿನೇ ದಿನೇ ದಪ್ಪವಾಗುತ್ತದೆ.

ಒಂದು ಲೀಟರ್ ಬಿಸಿ ನೀರಿಗೆ ಮೂರು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಪೈಪು, ದೋಣಿ ಎರಡನ್ನೂ ರಾತ್ರಿಯಿಡೀ ನೆನೆಸಿದೆ. ಹಾಕಿದ ಕೂಡಲೇ ಸೋಡಾದಂತೆ ಬುಸುಗುಟ್ಟಿತು. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿದರೆ ಸುಣ್ಣ ಮೆತ್ತಗಾಗಿ ಬಂತು, ಉಳಿದ ತೂತುಗಳಿಗೆ ಸೈಕಲ್ ಕಡ್ಡಿ. ನನ್ನ ತಪ್ಪು ಒಂದೇ: ಬಕೆಟ್ ಎತ್ತುವಾಗ ಆ ನೀರು ಪಡಸಾಲೆಯ ಶಹಾಬಾದಿ ಫರ್ಸಿ ಮೇಲೆ ಚೆಲ್ಲಿತು. ಅಲ್ಲೂ ಅದೇ ಬುಸುಬುಸು. ಒರೆಸುವಷ್ಟರಲ್ಲಿ ಅಂಗೈ ಅಗಲದ ಹೊಳಪು ಹೋಗಿ ಬೂದಿ ಬಣ್ಣದ ಕಲೆ ಬಿತ್ತು. ಶಹಾಬಾದಿ ಕಲ್ಲೂ ಸುಣ್ಣಕಲ್ಲೇ ಅಂತ ಶಾಲೆಯಲ್ಲಿ ಓದಿದ್ದೆ; ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇಂಥ ಕಲ್ಲಿನ ಮೇಲೇ ಅಂತ ಗೊತ್ತಿತ್ತು. ನೆಲದ ಸುಣ್ಣ ಗೊತ್ತಿತ್ತು, ಪೈಪಿನೊಳಗಿನದು ಗೊತ್ತಿರಲಿಲ್ಲ.

ಇಷ್ಟಾದರೂ ಬಲಗಡೆಗೇ ನೀರು ಹೆಚ್ಚು. ಲೆವಲ್ ಪೈಪ್ ಹಿಡಿದು ನೋಡಿದರೆ ಸ್ಟ್ಯಾಂಡಿನ ಬಲಗಾಲು ಒಂದೂವರೆ ಸೆಂಟಿಮೀಟರ್ ಕುಸಿದಿತ್ತು. ವರ್ಷಗಟ್ಟಲೆ ಸೋರಿದ ನೀರಿಗೆ ಅಲ್ಲಿನ ಮಣ್ಣು ಮೆತ್ತಗಾಗಿದೆ. ಒಡೆದ ಫರ್ಸಿ ತುಂಡು ಕೊಟ್ಟು ಎತ್ತರಿಸಿದೆ. ಬಲ ಪೈಪು ಮೋಟರಿಗೆ ಹತ್ತಿರ, ಎಡದ್ದು ಸುತ್ತಿ ಬರುತ್ತದೆ. ಆದ್ದರಿಂದ ಬಲ ಪೈಪಿಗೆ ತಂತಿ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಗಿದೆ, ಪ್ರತಿ ಸಲವೂ ಪ್ಲಗ್ ಕಿತ್ತು. ಹೆಂಡತಿ ಹೊಸ್ತಿಲಲ್ಲಿ ನಿಂತು, “ಬಾಟಲಿ ಆಟ ಮುಗೀತೇನ್ರಿ? ನಾಷ್ಟಾ ಆರ್ಲಾಕತ್ತಾದ” ಅಂದಳು. ನಾಲ್ಕು ಸಲ ಬಿಗಿದು ಸಡಿಲಿಸಿದ ಮೇಲೆ ಮೂರೂ ಬಾಟಲಿ 18, 19, 21 ಸೆಕೆಂಡಿಗೆ ಬಂದು ನಿಂತವು. ಇದಕ್ಕಿಂತ ಸಮ ಮಾಡುವ ಹಟ ಬೇಡ, ಹುಲ್ಲೇ ಉಳಿದದ್ದನ್ನು ಹಂಚಿಕೊಳ್ಳುತ್ತದೆ.

ಹೊಸ ಹುಲ್ಲನ್ನು ಮೂಲೆಯವರೆಗೂ ತುಂಬಿ, ಕುಸಿಯದಂತೆ ನಡುವೆ ಎರಡು ಕಡೆ ದಾರ ಹಾಯಿಸಿ ಕಟ್ಟಿದೆ. ತೀರ ಒತ್ತಿ ತುರುಕಿದರೂ ಗಾಳಿ ಎಳೆಯುವುದಿಲ್ಲ. ಹಿಂದಿನಿಂದ ಬೆಳಕು ಹಿಡಿದರೆ ಸೂರ್ಯ ಮಸುಕಾಗಿ ಕಾಣಬೇಕು, ಕಿಂಡಿ ಕಾಣಬಾರದು. ಎದುರಿನ ಕಿಟಕಿ ಒಂದು ಗೇಣು ತೆರೆದಿಟ್ಟೆ. ತೇವದ ಗಾಳಿ ಹೊರಗೆ ಹೋಗದಿದ್ದರೆ ಕೋಣೆ ಜಿಗುಟು ಹಿಡಿಯುತ್ತದೆ.

ಮಧ್ಯಾಹ್ನ ಮೂರಕ್ಕೆ ಹೊರಗೆ ಮತ್ತೆ 42, ಕೂಲರ್ ಬಾಯಲ್ಲಿ 29. ಅವ್ವ ಏನೂ ಅನ್ನಲಿಲ್ಲ, ಸೆರಗು ಹೊದ್ದು ನಿದ್ದೆ ಹೋದಳು.

ಈಗ ನಾಲ್ಕೈದು ದಿನಕ್ಕೊಮ್ಮೆ ಟಾಕಿಯ ನೀರು ಪೂರ್ತಿ ಚೆಲ್ಲುತ್ತೇನೆ, ನಳದ ನೀರು ಬಂದ ದಿನ ಅದನ್ನೇ ತುಂಬುತ್ತೇನೆ. ಸುಣ್ಣ ಕಡಿಮೆ, ಡೆಂಗಿ ಸೊಳ್ಳೆಯ ಮರಿಗೂ ಬೆಳೆದು ಹಾರಲು ಪುರಸೊತ್ತಿಲ್ಲ. ಹಳೇ ಮೋಟರನ್ನು ಬಕೆಟ್ಟಿನಲ್ಲಿ ಹಾಕಿ ನೋಡಿದೆ, ಹೊಸದರಷ್ಟೇ ನೀರು ಎತ್ತುತ್ತದೆ. ಫರ್ಸಿಯ ಕಲೆಯ ಮೇಲೆ ಹೆಂಡತಿ ನೀರಿನ ಕೊಡ ತಂದಿಟ್ಟಿದ್ದಾಳೆ.