ರೆಪ್ಪೆ ತಾನಾಗಿ ಮುಚ್ಚಿಕೊಂಡಾಗ: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕಣ್ಣಿಲ್ಲದೆ ನಮ್ಮ ಕೆಲಸವಿಲ್ಲ. 54ನೇ ವಯಸ್ಸಿನಲ್ಲಿ ರೆಪ್ಪೆ ಜಾಸ್ತಿ ಬಡಿಯಲು ಶುರುವಾಯಿತು, ಎಡಗಡೆ ಸ್ವಲ್ಪ ಹೆಚ್ಚು. "ಹೆಣ್ಮಕ್ಕಳಿಗೆ ಎಡಗಣ್ಣು ಹಾರಿದ್ರ ಛಲೋ ಆಗ್ತೈತಿ, ಬಿಡವಾ" ಎಂದು ಧಾರವಾಡದಿಂದ ಅವ್ವ ಫೋನಿನಲ್ಲಿ ಹೇಳಿದಳು. ನಾಲ್ಕು ತಿಂಗಳಲ್ಲಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳತೊಡಗಿದವು. ಒಂದು ಮಧ್ಯಾಹ್ನ ಸ್ಟೇಷನ್ ಬ್ರಿಜ್ ಇಳಿಯುವಾಗ ಬಿಸಿಲು ಮುಖಕ್ಕೆ ಬಿತ್ತು, ರೆಪ್ಪೆ ಬಿಗಿದುಕೊಂಡಿತು. ಎಷ್ಟು ಎಳೆದರೂ ತೆರೆಯಲಿಲ್ಲ. ಯಾರೋ ಹೆಂಗಸು ಕೈ ಹಿಡಿದು ಕೆಳಗಿಳಿಸಿದರು.

ಒಂದು ಕ್ಲಿನಿಕ್ಕಿನಲ್ಲಿ ಕಣ್ಣು ಒಣಗಿದೆ ಎಂದು ಏಳು ತಿಂಗಳು ಬರೀ ಡ್ರಾಪ್ಸ್ ಹಾಕಿಸಿದರು. ಆ ಏಳು ತಿಂಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ. ನಿದ್ದೆ ಕೆಟ್ಟಾಗ, ಚಹಾ ಜಾಸ್ತಿಯಾದಾಗ ಒಂದೇ ರೆಪ್ಪೆ ಸಣ್ಣಗೆ ಅದುರುತ್ತದಲ್ಲ, ಅದು ಬೇರೆ. ಸಾಮಾನ್ಯವಾಗಿ ಅದು ತಾನಾಗಿ ಹೋಗುತ್ತದೆ. ನನ್ನದು ಬ್ಲೆಫರೋಸ್ಪಾಸಮ್. ತಪ್ಪು ಕಣ್ಣಿನಲ್ಲಿಲ್ಲ, ರೆಪ್ಪೆ ಮುಚ್ಚುವ ಸ್ನಾಯುವಿಗೆ ಮೆದುಳು ಕಳಿಸುವ ಅಪ್ಪಣೆಯಲ್ಲಿದೆ. ಕಣ್ಣು ಮತ್ತು ನರ ಎರಡನ್ನೂ ನೋಡುವ ಡಾಕ್ಟರೊಬ್ಬರು ನಾನು ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲೇ ಗುರುತಿಸಿದರು.

ಮದ್ದು ಬೊಟುಲಿನಮ್ ಟಾಕ್ಸಿನ್, ಅಂದರೆ ಬೊಟಾಕ್ಸ್. ಸುಕ್ಕು ತೆಗೆಯುವ ಮದ್ದು ಅಂತ ಜನ ತಿಳಿದಿದ್ದಾರೆ. ಆದರೆ ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದೇ ಮೆಳ್ಳೆಗಣ್ಣಿಗೆ ಮತ್ತು ಈ ರೆಪ್ಪೆಯ ಕಾಯಿಲೆಗೆ. ಅದಕ್ಕೆ ದುಡಿದವರು ಆಲನ್ ಸ್ಕಾಟ್ ಎಂಬ ಕಣ್ಣಿನ ಡಾಕ್ಟರು. ಅವರನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಡಾಕ್ಟರು ಗಟ್ಟಿಯಾಗಿ ಕಣ್ಣು ಮುಚ್ಚಿಸಿ ನೋಡಿದರು. ಸೂಜಿ ಕೂದಲಿನಷ್ಟು ತೆಳು. ಮೇಲಿನ ರೆಪ್ಪೆಯ ಎರಡು ತುದಿ, ಕೆಳಗಿನ ರೆಪ್ಪೆಯ ಹೊರಮೂಲೆ, ಹುಬ್ಬಿನ ಹತ್ತಿರ. ಒಂದೊಂದು ಕಡೆಯೂ ಇರುವೆ ಕಚ್ಚಿದ ಹಾಗೆ ಚುರ್ ಎಂದಿತು. ಮೇಲಿನ ರೆಪ್ಪೆಯ ನಡುಭಾಗ ಮಾತ್ರ ಬಿಡುತ್ತಾರೆ, ಅಲ್ಲಿ ರೆಪ್ಪೆ ಎತ್ತುವ ಸ್ನಾಯುವಿದೆ. ಮನೆಗೆ ಬಂದು ಉಜ್ಜಲಿಲ್ಲ, ನಾಲ್ಕು ತಾಸು ಮಲಗಲಿಲ್ಲ.

ಮೂರು ದಿನ ಏನೂ ಆಗಲಿಲ್ಲ, ಸುಮ್ನೆ ದುಡ್ಡು ಹೋಯಿತು ಅಂದುಕೊಂಡೆ. ಐದನೇ ದಿನ ಬೆಳಿಗ್ಗೆ ಕಪ್ಪು ದಾರವನ್ನು ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಎರಡನೇ ಸಲ ಎಡರೆಪ್ಪೆ ಜೋತುಬಿತ್ತು. ಮದ್ದು ಎತ್ತುವ ಸ್ನಾಯುವಿಗೂ ಇಳಿದಿತ್ತು. ಮೂರು ವಾರದಲ್ಲಿ ಸರಿಹೋಯಿತು. ಆಮೇಲೆ ಡಾಕ್ಟರು ಜಾಗ ಬದಲಿಸಿದರು.

ಈ ಮದ್ದು ಕಾಯಿಲೆಯನ್ನು ಕೀಳುವುದಿಲ್ಲ, ಸುಮಾರು ಮೂರು ತಿಂಗಳು ಬಿಡುವು ಕೊಡುತ್ತದೆ. ಹಾಗಾಗಿ ನಾನು ದಿನಗಳನ್ನು ಹಿಂದಿನಿಂದ ಎಣಿಸುತ್ತೇನೆ. ಗಣಪತಿಗೆ ಮೂರು ವಾರ ಮುಂಚೆ ಚುಚ್ಚಿಸಿಕೊಂಡರೆ ಮೊದಲ ವಾರದೊಳಗೆ ರೆಪ್ಪೆ ಹಗುರ, ಹಬ್ಬದ ಆರ್ಡರು ಮುಗಿಯುತ್ತವೆ, ಬಲ ದೀಪಾವಳಿವರೆಗೂ ಸಾಗುತ್ತದೆ. ಮದ್ದಿನ ಬಲ ಇಳಿಯುವ ಕಡೆಯ ಎರಡು ವಾರ ಕೈಹೊಲಿಗೆ, ಕಸೂತಿ ಒಪ್ಪಿಕೊಳ್ಳುವುದಿಲ್ಲ. ಗಿರಾಕಿಗಳಿಗೆ ಕಾರಣ ನೇರವಾಗಿ ಹೇಳುತ್ತೇನೆ. ಮುಚ್ಚಿಟ್ಟಾಗಲೇ ಜನ ಬೇರೆ ಏನೋ ತಿಳಿದುಕೊಂಡಿದ್ದರು.

ಆ ದಿನಗಳಿಗೆ ಗುಲಾಬಿ ಛಾಯೆಯ ಕನ್ನಡಕವಿದೆ. ಮಿಣುಕುವ ಟ್ಯೂಬ್‌ಲೈಟ್ ತೆಗೆಸಿದೆ. ಹುಬ್ಬಿನ ಪಕ್ಕ ಬೆರಳಿಟ್ಟರೆ ಅಥವಾ ಸಣ್ಣಗೆ ಹಾಡಿಕೊಂಡರೆ ರೆಪ್ಪೆ ಸಡಿಲವಾಗುತ್ತದೆ. ನನ್ನ ಹಾಗೆ ಈ ಉಪಾಯ ಕಂಡುಕೊಂಡವರು ಬಹಳ ಜನ ಎಂದು ಡಾಕ್ಟರೇ ಹೇಳಿದರು. ಈಗ ಬ್ರಿಜ್ ಇಳಿಯುವಾಗ ಅವ್ವ ಕಲಿಸಿದ ದೇವರ ಹಾಡು ಗುನುಗುತ್ತೇನೆ.

ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಚುಚ್ಚಿಸಿಕೊಂಡ ತಾರೀಕು, ಎಷ್ಟು ಯೂನಿಟ್, ಯಾವ ದಿನ ಕಣ್ಣು ತೆರೆಯಿತು, ಯಾವ ಮೂಲೆ ಮೊದಲು ಬಿಗಿಯಿತು ಎಂದು ಬರೆದಿಡುತ್ತೇನೆ. ಪ್ರತಿ ಸಲ ಡಾಕ್ಟರು ಮೊದಲು ಕೇಳುವುದು ಆ ಹಾಳೆಯನ್ನೇ.